ವಿಮೆ ಪ್ರಶ್ನೋತ್ತರ: ಕಂಡದ್ದು ಹೇಳಿ, ಊಹಿಸಿದ್ದು ಬೇಡ

ಈ ಸಲ ಬಂದ ಪತ್ರಗಳಲ್ಲಿ ನೀರು ಮತ್ತು ಬೆಂಕಿಯದೇ ಗೋಳು. ನಾನು ವಿಮಾ ಸರ್ವೇಯರ್ ಆಗಿದ್ದು ನಿವೃತ್ತಳಾದವಳು. ಅಂದರೆ ಫೈಲ್ ಹಿಡಿದು ನಿಮ್ಮ ಬಾಗಿಲಿಗೆ ಬಂದು, ಸುಟ್ಟ ಸಾಮಾನನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ನಿಮ್ಮ ಕೈಲಿ ಬೈಸಿಕೊಂಡು ಹೋಗುತ್ತಾರಲ್ಲ, ಅವರ ಪೈಕಿ. ಆ ಕಡೆ ನಿಂತವರಿಗೆ ಏನು ಕಾಣುತ್ತದೆ ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ. ಷರತ್ತುಗಳು ಪಾಲಿಸಿಯಿಂದ ಪಾಲಿಸಿಗೆ ಬದಲಾಗುತ್ತವೆ. ನಿಮ್ಮದನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ.

ಪ್ರಶ್ನೆ: ಮೇಡಂ, ನಾವು ಮನೆಯಲ್ಲಿ ಇಲ್ಲದಾಗ ಗೋಡೆಯೊಳಗಿನ ಪೈಪ್ ಒಡೆದು ಎರಡು ಕೋಣೆಗೆ ನೀರು ನುಗ್ಗಿದೆ. ಮರದ ಬೀರು, ಹಾಸಿಗೆ, ಕಂಪ್ಯೂಟರ್, ಪುಸ್ತಕ ಎಲ್ಲ ನೆನೆದಿವೆ. ಫೋನ್ ಮಾಡಿದರೆ ‘ಸರ್ವೇಯರ್ ಬರುವವರೆಗೆ ಏನನ್ನೂ ಮುಟ್ಟಬೇಡಿ’ ಅಂದರು. ಹಾಸಿಗೆ ಆಗಲೇ ನಾರುತ್ತಿದೆ. ನಮ್ಮ ಯಜಮಾನರು ಎಲ್ಲ ಎಸೆದುಬಿಡೋಣ ಅನ್ನುತ್ತಾರೆ. ಸರ್ವೇಯರ್ ಬಂದಾಗ ಏನು ಹೇಳಬೇಕು ಅಂತಲೂ ಭಯ.

ಉತ್ತರ: ಮುಟ್ಟಬೇಡಿ ಅನ್ನುವುದೂ ಸರಿಯಲ್ಲ, ಎಸೆದುಬಿಡೋಣ ಅನ್ನುವುದೂ ಸರಿಯಲ್ಲ. ನಷ್ಟ ಇನ್ನಷ್ಟು ಬೆಳೆಯದಂತೆ ತಡೆಯುವುದು ನಿಮ್ಮ ಜವಾಬ್ದಾರಿ ಎಂದು ಹೆಚ್ಚುಕಡಿಮೆ ಎಲ್ಲ ಪಾಲಿಸಿಗಳಲ್ಲೂ ಬರೆದಿರುತ್ತದೆ. ನೀರು ನಿಲ್ಲಿಸಿ. ಸ್ವಿಚ್ ಬೋರ್ಡ್ ಒದ್ದೆಯಾಗಿದ್ದರೆ ನೀವೇ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆದು ಕರೆಂಟ್ ತೆಗೆಸಿ. ಪೈಪ್ ರಿಪೇರಿ ಮಾಡಿಸಿ. ಆದರೆ ಒಡೆದ ಪೈಪಿನ ತುಂಡನ್ನು ಪ್ಲಂಬರ್ ಗುಜರಿಗೆ ಹಾಕಲು ಬಿಡಬೇಡಿ. ಅದೇ ನಿಮ್ಮ ದೊಡ್ಡ ಸಾಕ್ಷಿ. ಒಂದು ಕವರಿನಲ್ಲಿ ಹಾಕಿ, ದಿನಾಂಕ ಬರೆದು ಇಟ್ಟುಕೊಳ್ಳಿ. ರಿಪೇರಿ ಬಿಲ್ಲನ್ನೂ ಜೊತೆಗೆ ಇಡಿ.

ಯಾವುದನ್ನೇ ಸರಿಸುವ ಮೊದಲು ಫೋಟೊ. ಮೊದಲು ಕೋಣೆಯ ನಾಲ್ಕು ಮೂಲೆಗಳಿಂದ ಇಡೀ ಕೋಣೆ. ಆಮೇಲೆ ಒಂದೊಂದೇ ಸಾಮಾನು. ಕೊನೆಗೆ ಕಂಪ್ಯೂಟರಿನ ಹಿಂದಿರುವ ಮಾಡೆಲ್ ನಂಬರ್, ಸೀರಿಯಲ್ ನಂಬರ್. ಹತ್ತಿರದ ಫೋಟೊ ಮಾತ್ರ ಕಳಿಸುವವರು ಜಾಸ್ತಿ. ನೆನೆದ ಬಟ್ಟೆಯ ಹತ್ತಿರದ ಚಿತ್ರ ನೋಡಿದರೆ ಅದು ಯಾರ ಮನೆಯ ಬಟ್ಟೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಇನ್ನು, ಕೆಲಸ ಮಾಡುತ್ತದಾ ನೋಡೋಣ ಅಂತ ಕಂಪ್ಯೂಟರ್ ಆನ್ ಮಾಡಬೇಡಿ. ಒಣಗಿಸಿದ್ದರೆ ಉಳಿಯುತ್ತಿದ್ದದ್ದು ಆಗ ಸುಟ್ಟುಹೋಗುತ್ತದೆ.

ಹಾಸಿಗೆಯ ಬಗ್ಗೆ ಕಂಪನಿಗೆ ಮೇಲ್ ಬರೆಯಿರಿ, ಫೋನ್ ಸಾಲದು. ‘ಇದು ನಾರುತ್ತಿದೆ, ಇಂಥ ದಿನ ಸಂಜೆ ಹೊರಗೆ ಹಾಕುತ್ತೇವೆ, ನೋಡಬೇಕಿದ್ದರೆ ಅದರೊಳಗೆ ಬನ್ನಿ’ ಎಂದು ಫೋಟೊ ಸಮೇತ ತಿಳಿಸಿ. ಹೊರಗೆ ಹಾಕುವಾಗ ಒಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಬೀರು, ಪುಸ್ತಕ ಕಾಯಲಿ, ಗಾಳಿಯಾಡುವ ಕಡೆ ಇಡಿ.

ಈಗ ನಿಮ್ಮ ಭಯದ ವಿಚಾರ. ಸರ್ವೇಯರ್ ಬಂದ ಕೂಡಲೇ ಏನು ನೋಡುತ್ತಾರೆ ಗೊತ್ತಾ? ನಾನು ನೋಡುತ್ತಿದ್ದದ್ದು ಬೀರುವಿನ ಹಿಂಭಾಗ. ಒಂದೇ ಸಲ ನುಗ್ಗಿದ ನೀರು ಕೋಣೆಯ ಸುತ್ತ ಒಂದೇ ಮಟ್ಟದಲ್ಲಿ ಒಂದು ಗೆರೆ ಬಿಟ್ಟು ಹೋಗುತ್ತದೆ. ತಿಂಗಳುಗಟ್ಟಲೆ ಜಿನುಗಿದ ನೀರು ಹಾಗಲ್ಲ. ನೆನೆದು ಒಣಗಿ, ಮತ್ತೆ ನೆನೆದು ಒಣಗಿ, ಕಂದು ಬಣ್ಣದ ಬಳೆಗಳನ್ನು ಒಂದರ ಹೊರಗೊಂದು ಬರೆದಿರುತ್ತದೆ. ಹಲಗೆಯ ತಳದಲ್ಲಿ ಬೂಷ್ಟು ಕಪ್ಪಾಗಿರುತ್ತದೆ. ಸ್ಕ್ರೂ ಬಿಚ್ಚಿದರೆ ತುಕ್ಕು ಒಳಗಿನವರೆಗೂ ತಿಂದಿರುತ್ತದೆ. ಇಷ್ಟು ಯಾಕೆ ನೋಡುತ್ತೇವೆ ಅಂದರೆ, ಹೆಚ್ಚಿನ ಪಾಲಿಸಿಗಳು ಪೈಪ್ ಹಠಾತ್ತಾಗಿ ಒಡೆದರೆ ದುಡ್ಡು ಕೊಡುತ್ತವೆ, ನಿಧಾನಕ್ಕೆ ಜಿನುಗಿ ಹಾಳಾದದ್ದಕ್ಕೆ ಕೊಡುವುದಿಲ್ಲ.

ಇದು ಗೊತ್ತಿಲ್ಲದೆ ಜನ ಸುಮ್ನೆ ಮಾತಾಡುತ್ತಾರೆ. ‘ಆ ಗೋಡೆ ಮೊದಲಿಂದಲೂ ಸ್ವಲ್ಪ ತೇವ ಇತ್ತು ಅನ್ಸುತ್ತೆ ಮೇಡಂ.’ ಇತ್ತಾ? ನೋಡಿದ್ದೀರಾ? ‘ಇಲ್ಲ, ಇರಬಹುದು ಅಂತ.’ ಆ ಒಂದು ‘ಅನ್ಸುತ್ತೆ’ ವರದಿಯಲ್ಲಿ ಕೂತರೆ ತೆಗೆಯುವುದು ಕಷ್ಟ. ನಿಜವಾಗಿ ತೇವ ಇದ್ದದ್ದನ್ನು ನೀವು ಕಂಡಿದ್ದರೆ ಹೇಳಲೇಬೇಕು, ಮುಚ್ಚಿಡಬಾರದು. ಆದರೆ ಕಾರಣ ಹುಡುಕುವುದು ಸರ್ವೇಯರ್ ಕೆಲಸ. ನೀವು ಎಷ್ಟು ಹೊತ್ತಿಗೆ ಬಾಗಿಲು ತೆಗೆದಿರಿ, ನೀರು ಎಲ್ಲಿಂದ ಬರುತ್ತಿತ್ತು, ಏನು ಮಾಡಿದಿರಿ, ಇಷ್ಟು ಹೇಳಿ. ಮಿಕ್ಕದ್ದಕ್ಕೆ ‘ಗೊತ್ತಿಲ್ಲ’ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ಮನೆಗೆ ಬೆಂಕಿ ಬಿದ್ದು ಅರ್ಧ ಸುಟ್ಟಿದೆ. ಬಿಲ್ಲುಗಳೂ ಸುಟ್ಟವು. ಬಿಲ್ ಇಲ್ಲದೆ ಕ್ಲೇಮ್ ಮಾಡಿದರೆ ಪ್ರಯೋಜನ ಇದೆಯಾ?

ಉತ್ತರ: ಇದೆ. ಸುಟ್ಟ ಮನೆಯವರ ಹತ್ತಿರ ಬಿಲ್ಲು ಇರುವುದಿಲ್ಲ ಅನ್ನುವುದು ಸರ್ವೇಯರ್‌ಗೂ ಗೊತ್ತು. ಕಾರ್ಡಿನಲ್ಲಿ ಕೊಂಡದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇರುತ್ತದೆ. ಆನ್‌ಲೈನ್ ತರಿಸಿದ್ದು ಮೇಲ್‌ನಲ್ಲಿ ಇರುತ್ತದೆ. ಮಗುವಿನ ಹುಟ್ಟುಹಬ್ಬದ ಫೋಟೊದಲ್ಲಿ ಹಿಂದೆ ಟಿವಿ ಕಾಣುತ್ತಿರುತ್ತದೆ. ನೆಂಟರ ಫೋನುಗಳನ್ನೂ ತಡಕಿಸಿ.

ಇನ್ನೊಂದು ಸಾಕ್ಷಿ ಮನೆಯಲ್ಲೇ ಬಿದ್ದಿರುತ್ತದೆ. ಅದನ್ನೇ ಮೊದಲು ಒರೆಸಿ ಹಾಕುತ್ತಾರೆ. ಬೆಂಕಿ ತಾಗದ ಕೋಣೆಯಲ್ಲೂ ಮಸಿ ಕೂರುತ್ತದೆ ಅಲ್ವಾ? ಮೇಜಿನ ಮೇಲೆ ಒಂದು ವಸ್ತು ಇತ್ತು ಅನ್ನಿ. ಅದನ್ನು ಎತ್ತಿದರೆ ಸುತ್ತ ಕಪ್ಪು, ಅದು ಕೂತಿದ್ದ ಜಾಗ ಮಾತ್ರ ಮೊದಲಿನ ಬಣ್ಣ, ಅದೇ ಆಕಾರದಲ್ಲಿ. ಗೋಡೆಯ ಮೇಲೆ ಚೌಕಟ್ಟು ಇದ್ದರೂ ಹಾಗೇ. ಎತ್ತುವ ಮೊದಲು ಒಂದು ಫೋಟೊ, ಎತ್ತಿದ ಮೇಲೆ ಒಂದು. ಮಸಿಯನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಒಳಗೆ ಇಳಿದು ಕಲೆ ಗಟ್ಟಿಯಾಗುತ್ತದೆ. ಲೋಹದ ಮೇಲೆ ಕೂತ ಮಸಿಯನ್ನು ತುಂಬ ದಿನ ಬಿಡಲೂಬಾರದು, ಅದು ಲೋಹವನ್ನು ತಿನ್ನುತ್ತದೆ. ಆದ್ದರಿಂದ ಫೋಟೊ ಆದ ಮೇಲೆ ಇಂಥ ಶುಚಿ ಕೆಲಸ ಗೊತ್ತಿರುವವರನ್ನೇ ಕರೆಯಿರಿ, ಕಂಪನಿಗೆ ತಿಳಿಸಿಯೇ ಕರೆಯಿರಿ.

ಪಟ್ಟಿ ಬರೆಯುವಾಗ ಬಾಗಿಲಿನಿಂದ ಶುರು ಮಾಡಿ ಗೋಡೆ ಹಿಡಿದು ಸುತ್ತು ಬನ್ನಿ. ಒಂದೊಂದು ಕೋಣೆಗೂ ಬೇರೆ ಹಾಳೆ. ವಸ್ತು, ಕೊಂಡ ವರ್ಷ, ಕೊಟ್ಟ ಬೆಲೆ. ಬೆಲೆ ಅಂದಾಜಾದರೆ ‘ಅಂದಾಜು’ ಅಂತಲೇ ಬರೆಯಿರಿ. ಇಲ್ಲದ ಒಂದು ವಸ್ತುವನ್ನೂ ಸೇರಿಸಬೇಡಿ. ‘ಹೇಗೂ ಕಡಿಮೆ ಮಾಡ್ತಾರೆ, ನಾವು ಜಾಸ್ತಿ ಬರೆಯೋಣ’ ಎಂದು ಸಲಹೆ ಕೊಡುವ ಪುಣ್ಯಾತ್ಮರು ಎಲ್ಲ ಕಡೆ ಇರುತ್ತಾರೆ. ಕ್ಲೇಮಿನ ಒಂದು ಭಾಗ ಸುಳ್ಳು ಅಂತ ಸಾಬೀತಾದರೆ ಪೂರ್ತಿ ಕ್ಲೇಮನ್ನೇ ತಿರಸ್ಕರಿಸುವ ಷರತ್ತು ಬಹಳ ಪಾಲಿಸಿಗಳಲ್ಲಿ ಇದೆ. ಸಲಹೆ ಕೊಟ್ಟವರು ಆಗ ಫೋನ್ ಎತ್ತುವುದಿಲ್ಲ.

ಪ್ರಶ್ನೆ: ಅಂಗಡಿಯ ಸರಕಿಗೆ ವಿಮೆ ಇತ್ತು. ಮೊತ್ತ ಬೇಡ, ಪಾಲಿನ ಲೆಕ್ಕದಲ್ಲಿ ಹೇಳುತ್ತೇನೆ. ವಿಮೆ 60 ಪಾಲಿಗೆ. ಬೆಂಕಿಯಲ್ಲಿ ಹೋದದ್ದು 40 ಪಾಲು. 60ಕ್ಕಿಂತ 40 ಕಡಿಮೆಯೇ ತಾನೇ? ಆದರೆ 24 ಮಾತ್ರ ಕೊಡುತ್ತೇವೆ ಅನ್ನುತ್ತಾರೆ. ಇದು ಮೋಸ ಅಲ್ಲವಾ?

ಉತ್ತರ: ಸಿಟ್ಟು ಬರುವುದು ಸಹಜ. ಆದರೆ ಮೋಸ ಅಲ್ಲ, ಇದಕ್ಕೆ ಆವರೇಜ್ ಷರತ್ತು ಅನ್ನುತ್ತಾರೆ. ಅಂಗಡಿಯಲ್ಲಿ ಒಟ್ಟು 100 ಪಾಲು ಸರಕು ಇತ್ತು ಎಂದು ಸರ್ವೇಯರ್ ಲೆಕ್ಕ ಹಾಕಿರಬೇಕು. ನೀವು ಪ್ರೀಮಿಯಂ ಕಟ್ಟಿದ್ದು 60ಕ್ಕೆ. ಉಳಿದ 40ಕ್ಕೆ ನೀವೇ ವಿಮಾ ಕಂಪನಿ ಇದ್ದ ಹಾಗೆ. ಹಾಗಾಗಿ ಪ್ರತಿ ನಷ್ಟದಲ್ಲೂ 100ಕ್ಕೆ 60ರಂತೆ ಅವರ ಪಾಲು. 40ರಲ್ಲಿ 24.

ಆದರೆ ನೀವು ಜಗಳ ಆಡಬೇಕಾದದ್ದು 24ರ ಮೇಲೆ ಅಲ್ಲ, ಆ 100ರ ಮೇಲೆ. ಅದು ಎಲ್ಲಿಂದ ಬಂತು ಕೇಳಿ. ಲೆಕ್ಕದ ಹಾಳೆ ತರಿಸಿಕೊಳ್ಳಿ. ಮಾರಾಟದ ಬೆಲೆ ಹಿಡಿದಿದ್ದಾರಾ? ಸರಕಿಗೆ ಸಾಮಾನ್ಯವಾಗಿ ನೀವು ಕೊಂಡ ಬೆಲೆ ಹಿಡಿಯಬೇಕು, ಲಾಭ ಸೇರಬಾರದು. ಬೇರೆಯವರು ಮಾರಿಕೊಡಿ ಎಂದು ಇಟ್ಟುಹೋದ ಸರಕನ್ನೂ ನಿಮ್ಮದೆಂದು ಸೇರಿಸಿದ್ದಾರಾ? ಮಾರಾಟವಾಗಿ ಬಿಲ್ ಆಗಿ, ಗಿರಾಕಿ ಒಯ್ಯದೆ ಉಳಿದದ್ದನ್ನು? ಇದನ್ನೆಲ್ಲ ತೆಗೆದು ಒಟ್ಟು 75 ಅಂತ ನಿಮ್ಮ ಸ್ಟಾಕ್ ಪುಸ್ತಕದಿಂದ ತೋರಿಸಿದಿರಿ ಅನ್ನಿ. ಆಗ 75ಕ್ಕೆ 60, ಅಂದರೆ ಐದರಲ್ಲಿ ನಾಲ್ಕು ಪಾಲು. 24ರ ಜಾಗಕ್ಕೆ 32 ಬಂತು. ಹುಷಾರು, ಹೀಗೆ ತೆಗೆದದ್ದು ಸುಟ್ಟ 40ರಲ್ಲೂ ಇದ್ದರೆ ಅಲ್ಲೂ ಇಳಿಯುತ್ತದೆ. ವಿಮೆಯ ಮೊತ್ತದಲ್ಲಿ ಸಣ್ಣ ಕೊರತೆ ಇದ್ದರೆ ಅದನ್ನು ಮನ್ನಿಸುವ ಷರತ್ತು ಕೆಲವು ಪಾಲಿಸಿಗಳಲ್ಲಿ ಇರುತ್ತದೆ, ಅದನ್ನೂ ನೋಡಿ. ಎಕ್ಸೆಸ್, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಮೊತ್ತ, ಇದರ ಮೇಲೆ ಬೇರೆ ಕಳೆಯುತ್ತಾರೆ.

ಪ್ರಶ್ನೆ: ಬೆಂಕಿ ಬಿದ್ದದ್ದು ಪಕ್ಕದವರ ಗೋದಾಮಿಗೆ. ನಮ್ಮಲ್ಲಿಗೆ ಬೆಂಕಿ ಬರಲೇ ಇಲ್ಲ. ಆದರೆ ಅಗ್ನಿಶಾಮಕದವರು ಹೊಡೆದ ನೀರಿಗೆ ನಮ್ಮ ಬಟ್ಟೆ ಸರಕು ಹಾಳಾಯಿತು. ನಮ್ಮದು ಬೆಂಕಿ ವಿಮೆ ಮಾತ್ರ. ಪಕ್ಕದವರು ಒಳ್ಳೆಯ ಜನ, ಸ್ವಲ್ಪ ದುಡ್ಡು ಕೊಡುತ್ತೇವೆ, ಮುಗಿಸಿಬಿಡೋಣ ಅನ್ನುತ್ತಿದ್ದಾರೆ.

ಉತ್ತರ: ಬೆಂಕಿ ಆರಿಸಲು ಹೊಡೆದ ನೀರಿನಿಂದ ಆದ ನಷ್ಟವನ್ನು ಸಾಮಾನ್ಯವಾಗಿ ಬೆಂಕಿಯ ನಷ್ಟ ಎಂದೇ ಪರಿಗಣಿಸುತ್ತಾರೆ. ಕೊನೆಗೆ ತಾಗಿದ್ದು ಯಾವುದು ಅಂತಲ್ಲ, ನಿಜವಾಗಿ ಕೆಲಸ ಮಾಡಿದ ಕಾರಣ ಯಾವುದು ಅಂತ ನೋಡುತ್ತಾರೆ. ಇದು ಎರಡೂ ಕಡೆ ಕುಯ್ಯುವ ನಿಯಮ. 1915ರಲ್ಲಿ ‘ಇಕಾರಿಯಾ’ ಎಂಬ ಹಡಗಿಗೆ ಟಾರ್ಪಿಡೊ ಬಡಿಯಿತು. ಹೇಗೋ ಫ್ರಾನ್ಸಿನ ಲ ಹಾವ್ರ್ ಬಂದರಿಗೆ ಎಳೆದು ತಂದರು. ಬಿರುಗಾಳಿ ಎದ್ದು ಹಡಗು ಕಟ್ಟೆಗೆ ಬಡಿಯತೊಡಗಿತು. ಇಲ್ಲೇ ಮುಳುಗಿದರೆ ಕಟ್ಟೆಗೆ ಅಡ್ಡವಾಗುತ್ತದೆ ಎಂದು ಬಂದರಿನವರು ಬೇರೆ ಕಡೆ ಕಳಿಸಿದರು. ಅಲ್ಲಿ ಮುಳುಗಿತು. ಮಾಲೀಕರ ವಿಮೆಯಲ್ಲಿ ಸಮುದ್ರದ ಅಪಾಯಕ್ಕೆ ರಕ್ಷಣೆ ಇತ್ತು, ಯುದ್ಧದ ನಷ್ಟಕ್ಕೆ ಇರಲಿಲ್ಲ. ಮುಳುಗಿಸಿದ್ದು ಗಾಳಿ, ಅಲೆ ಎಂದು ವಾದಿಸಿದರು. 1918ರಲ್ಲಿ ಹೌಸ್ ಆಫ್ ಲಾರ್ಡ್ಸ್, ಅಂದರೆ ಆಗ ಇಂಗ್ಲೆಂಡಿನ ಕೊನೆಯ ಮೇಲ್ಮನವಿ ಕೋರ್ಟು, ಒಪ್ಪಲಿಲ್ಲ. ಟಾರ್ಪಿಡೊ ಮಾಡಿದ ಗಾಯದಿಂದ ಹಡಗು ಪಾರಾಗಿಯೇ ಇರಲಿಲ್ಲ, ಕಾರಣ ಅದೇ ಅಂದಿತು. ಮಾಲೀಕರಿಗೆ ಏನೂ ಸಿಗಲಿಲ್ಲ. ಅವರ ಕೈ ಕಟ್ಟಿದ ಅದೇ ತರ್ಕ ನಿಮ್ಮ ಪರವಾಗಿದೆ. ಅಗ್ನಿಶಾಮಕದವರ ವರದಿಯ ಪ್ರತಿ ಮಾತ್ರ ತಪ್ಪದೆ ತೆಗೆದುಕೊಳ್ಳಿ.

ಪಕ್ಕದವರ ವಿಷಯದಲ್ಲಿ ತಡೆಯಿರಿ. ನಿಮಗೆ ಕ್ಲೇಮಿನ ದುಡ್ಡು ಕೊಟ್ಟ ಮೇಲೆ, ತಪ್ಪು ಮಾಡಿದವರಿಂದ ಆ ದುಡ್ಡು ವಸೂಲು ಮಾಡುವ ಹಕ್ಕು ನಿಮ್ಮ ವಿಮಾ ಕಂಪನಿಗೆ ಬರುತ್ತದೆ. ‘ಇನ್ನು ನಮಗೂ ನಿಮಗೂ ಲೆಕ್ಕ ಚುಕ್ತಾ’ ಎಂದು ನೀವು ಬರೆದುಕೊಟ್ಟರೆ ಆ ಹಕ್ಕನ್ನು ಕೆಡಿಸಿದಂತೆ. ಆಗ ಕಂಪನಿ ನಿಮ್ಮ ಕ್ಲೇಮಿಗೇ ತಕರಾರು ತೆಗೆಯಬಹುದು. ಅವರ ಜೊತೆ ಮಾತು ಚೆನ್ನಾಗಿಯೇ ಇರಲಿ, ಸಹಿ ಮಾತ್ರ ಕಂಪನಿಯನ್ನು ಕೇಳದೆ ಬೇಡ.

ಪ್ರಶ್ನೆ: ನಾವು ಕೇಳಿದ್ದರ ಅರ್ಧ ಕೊಡುತ್ತೇವೆ, ‘ಪೂರ್ಣ ಮತ್ತು ಅಂತಿಮ’ ಎಂದು ಸಹಿ ಹಾಕಿ ಎಂದು ವೋಚರ್ ಕಳಿಸಿದ್ದಾರೆ. ದುಡ್ಡಿನ ಅಡಚಣೆ ಇದೆ. ಹಾಕಿಬಿಡಲಾ?

ಉತ್ತರ: ಇವತ್ತು ಬೇಡ. ಆ ಸಹಿ ಬಿದ್ದ ಮೇಲೆ ಉಳಿದದ್ದನ್ನು ಕೇಳುವ ಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತದೆ. ಮೊದಲು ಸರ್ವೇ ವರದಿಯ ಪ್ರತಿ ಮತ್ತು ಯಾವ ವಸ್ತುವಿಗೆ ಎಷ್ಟು, ಯಾಕೆ ಕಡಿತ ಅನ್ನುವ ವಿವರ ಬರಹದಲ್ಲಿ ಕೇಳಿ. ಅರ್ಧ ಹೋದದ್ದು ಸವಕಳಿಗೋ, ಅಂದರೆ ವಸ್ತು ಹಳೆಯದಾಯಿತು ಎಂದು ಬೆಲೆ ಇಳಿಸಿದ್ದಕ್ಕೋ, ಆವರೇಜ್‌ಗೋ, ವಸ್ತು ಇತ್ತು ಅನ್ನುವುದನ್ನೇ ನಂಬಿಲ್ಲವೋ? ಒಂದೊಂದಕ್ಕೂ ಉತ್ತರ ಬೇರೆ. ಕೊಡುವುದಿಲ್ಲ ಅಂದದ್ದಕ್ಕೆ ಪಾಲಿಸಿಯ ಯಾವ ಷರತ್ತು ಎಂದು ನಂಬರ್ ಸಮೇತ ಹೇಳಲಿ.

ಅದೇ ಪತ್ರದಲ್ಲಿ, ತಕರಾರಿಲ್ಲದ ಮೊತ್ತವನ್ನು ಈಗಲೇ ಕೊಡಿ, ಉಳಿದದ್ದರ ಹಕ್ಕು ನಾನು ಬಿಟ್ಟಿಲ್ಲ ಎಂದೂ ಬರೆಯಿರಿ. ಎಷ್ಟೋ ಕಡೆ ಒಪ್ಪುತ್ತಾರೆ. ಒಪ್ಪದಿದ್ದರೆ ಕಂಪನಿಯ ದೂರು ವಿಭಾಗ, ಆಮೇಲೆ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ವಿಚಾರಿಸುವ ಅಧಿಕಾರಿ, ಅಥವಾ ಗ್ರಾಹಕ ನ್ಯಾಯಾಲಯ. ದೂರು ಕೊಡಲು ಕಾಲಮಿತಿ ಇರುತ್ತದೆ, ಆ ತಾರೀಖನ್ನು ಮೊದಲು ಗುರುತು ಹಾಕಿಕೊಳ್ಳಿ. ಅವರು ಕಳಿಸಿದ ವೋಚರನ್ನು ಹರಿದು ಹಾಕಬೇಡಿ, ಫೈಲಿಗೆ ಸೇರಿಸಿ. ಅಷ್ಟು ಮೊತ್ತವನ್ನು ಅವರೇ ಒಪ್ಪಿದ್ದರು ಅನ್ನುವುದಕ್ಕೆ ಅದು ಬೇಕಾಗುತ್ತದೆ.