ನ್ಯೂಯಾರ್ಕ್, ಟೆಕ್ಸಾಸ್ ಜಡ್ಜ್‌ಗಳ ಸಂಬಳ ಹೋಲಿಸಿದರೆ ಲೆಕ್ಕ ಯಾಕೆ ಕೂಡುತ್ತಿಲ್ಲ?

ಎರಡೂ ರಾಜ್ಯದ ‘ಸುಪ್ರೀಂ ಕೋರ್ಟ್’ಗಳನ್ನು ನೀವು ಸಂಬಳ ಹೋಲಿಸುವ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿಟ್ಟಿದ್ದೀರಿ. ಎಡವಟ್ಟು ಬಹುಶಃ ಅಲ್ಲೇ ಆಗಿರೋದು. ನ್ಯೂಯಾರ್ಕ್‌ನಲ್ಲಿ ಸುಪ್ರೀಂ ಕೋರ್ಟ್ ಅಂದರೆ ಕೇಸು ಮೊದಲು ನಡೆಯುವ ವಿಚಾರಣಾ ಕೋರ್ಟ್. ಅಲ್ಲಿ ಎಲ್ಲಕ್ಕಿಂತ ಮೇಲಿನದು ಕೋರ್ಟ್ ಆಫ್ ಅಪೀಲ್ಸ್. ವಿಚಿತ್ರ ಅಲ್ವಾ?

ಮೊದಲು ಹೆಸರು ಬಿಟ್ಟು ಹಂತ ನೋಡಿ ಸಾಲು ಹೊಂದಿಸಿ. ನ್ಯೂಯಾರ್ಕ್ ಸುಪ್ರೀಂ ಕೋರ್ಟಿನ ಎದುರಿಗೆ ಟೆಕ್ಸಾಸಿನ ಡಿಸ್ಟ್ರಿಕ್ಟ್ ಕೋರ್ಟ್ ಬರಬೇಕು, ಅದೂ ವಿಚಾರಣಾ ಕೋರ್ಟೇ. ಆಮೇಲೆ ತಾರೀಖು ನೋಡಿ. ಟೆಕ್ಸಾಸ್ ಡಿಸ್ಟ್ರಿಕ್ಟ್ ಜಡ್ಜ್ ಮೂಲ ಸಂಬಳ 2025ರ ಸೆಪ್ಟೆಂಬರ್‌ನಲ್ಲಿ 1,40,000 ಡಾಲರ್‌ನಿಂದ 1,75,000ಕ್ಕೆ ಏರಿತು. ಹಳೆಯ ಪಟ್ಟಿಯಾದರೆ ಬಿಸಾಕಿ. ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ಮೇಲಿಂದ ಕೊಡುವ ಹಣವನ್ನು ಇದಕ್ಕೆ ಸೇರಿಸಬೇಡಿ, ಪಕ್ಕದ ಕಾಲಂನಲ್ಲಿ ಬರೆಯಿರಿ. ನ್ಯಾಷನಲ್ ಸೆಂಟರ್ ಫಾರ್ ಸ್ಟೇಟ್ ಕೋರ್ಟ್ಸ್ ಎಂಬ ಅಮೆರಿಕದ ಸಂಸ್ಥೆಯ ಜಡ್ಜ್ ಸಂಬಳ ಸಮೀಕ್ಷೆಯಲ್ಲಿ ಜೀವನ ವೆಚ್ಚಕ್ಕೆ ಹೊಂದಿಸಿದ ಅಂಕಿಯೂ ಸಿಗುತ್ತದೆ, ಅದನ್ನು ಕೊನೆಗೆ ಹಾಕಿ.