ಓದುಗರ ಪ್ರಶ್ನೆ: ಎರಡು ಎಕರೆ ಇಪ್ಪತ್ತು ಗುಂಟೆಗೆ ಕೋಡಿನಲ್ಲಿ ಏನೆಂದು ಹೆಸರಿಡಬೇಕು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು, ಪ್ರೋಗ್ರಾಮ್ ಬರೆಯುವಾಗ ಹೆಸರಿಡುವ ವಿಷಯವನ್ನೇ ಕೇಳಿದ್ದರಿಂದ ಅವುಗಳಿಗೆ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಸಾಲದ ಲೆಕ್ಕದ ಸಾಫ್ಟ್‌ವೇರ್ ಬರೆಯುವ ಐದು ಜನರ ತಂಡ ನಮ್ಮದು. ವೇರಿಯಬಲ್ (ಕೋಡಿನಲ್ಲಿ ಒಂದು ಮೌಲ್ಯವನ್ನು ತುಂಬಿಡುವ ಜಾಗ) ಹೆಸರಿನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ (_ ಗೆರೆ) ಇರಬೇಕೆಂದು ನಮ್ಮಲ್ಲಿ ಇಬ್ಬರು, ನಡುವೆ ಏನೂ ಇಡದೆ ಪ್ರತಿ ಹೊಸ ಪದವನ್ನು ದೊಡ್ಡಕ್ಷರದಿಂದ ಆರಂಭಿಸುವ ಕ್ಯಾಮೆಲ್ ಕೇಸ್‌ನಲ್ಲಿ ಬರೆಯಬೇಕೆಂದು ಮೂವರು ಪಟ್ಟು ಹಿಡಿದಿದ್ದೇವೆ. ಯಾವುದು ಸರಿ? ಕೋಡಿನ ಒಂದು ಪುಟವನ್ನು ಜೊತೆಗಿಟ್ಟಿದ್ದೇನೆ.
— ತುಮಕೂರಿನ ಓದುಗರು

ಉತ್ತರ: ಈ ತಕರಾರಿನ ತೀರ್ಪನ್ನು ನೀವು ಬಳಸುವ ಭಾಷೆಯೇ ಬಹಳ ಹಿಂದೆ ಬರೆದಿಟ್ಟಿದೆ. ಪೈಥಾನ್ ಆದರೆ, 2001ರಲ್ಲಿ ಹೊರಬಂದ ‘ಪೆಪ್ 8’ ಎಂಬ ಶೈಲಿ ಕೈಪಿಡಿಯ ಪ್ರಕಾರ ವೇರಿಯಬಲ್ ಮತ್ತು ಫಂಕ್ಷನ್‌ಗಳಿಗೆ ಸಣ್ಣಕ್ಷರ ಹಾಗೂ ಅಂಡರ್‌ಸ್ಕೋರ್. ಜಾವಾ ಆದರೆ ಕ್ಯಾಮೆಲ್ ಕೇಸ್. ಗೋ ಭಾಷೆಯಲ್ಲಿ ಇದು ಬರಿಯ ರೂಢಿಯಲ್ಲ, ವ್ಯಾಕರಣವೇ ಆಗಿದೆ: ಹೆಸರಿನ ಮೊದಲಕ್ಷರ ದೊಡ್ಡದಿದ್ದರೆ ಮಾತ್ರ ಅದು ಪ್ಯಾಕೇಜಿನ (ಒಟ್ಟಿಗಿಟ್ಟ ಕೋಡಿನ ಕಟ್ಟು) ಹೊರಗೆ ಕಾಣಿಸುತ್ತದೆ. ಭಾಷೆ ಯಾವುದೋ ಅದರ ರೂಢಿಯನ್ನು ಹಿಡಿದು, ತಪಾಸಣೆಯನ್ನು ಕೋಡಿನ ಶೈಲಿಯನ್ನು ತಾನಾಗಿಯೇ ಪರೀಕ್ಷಿಸುವ ಲಿಂಟರ್ ಎಂಬ ಸಾಧನಕ್ಕೆ ಒಪ್ಪಿಸಿಬಿಡಿ. ಇದಕ್ಕಾಗಿ ಐದು ಜನ ಇನ್ನೊಂದು ಸಭೆ ಸೇರುವುದು ದಂಡ.

ನಿಮ್ಮ ಪುಟದಲ್ಲಿ ನನಗೆ ಆತಂಕ ತಂದದ್ದು ಬೇರೆ. ಅಲ್ಲಿ ‘ಎಕ್ಸ್‌ಟೆಂಟ್’ (ವಿಸ್ತೀರ್ಣ) ಎಂಬ ವೇರಿಯಬಲ್ ಇದ್ದು, ಅದರಲ್ಲಿ 2.20 ಎಂದು ತುಂಬಿದ್ದೀರಿ. ಪಹಣಿ ಓದಿ ಗೊತ್ತಿರುವವರಿಗೆ ಇದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎಕರೆಗೆ 40 ಗುಂಟೆಯಂತೆ ಸರಿಯಾಗಿ 100 ಗುಂಟೆ. ನಾಳೆ ತಂಡಕ್ಕೆ ಸೇರುವ, ಹೊಲದ ಬದುವನ್ನೇ ತುಳಿಯದ ಹುಡುಗನಿಗೆ ಅದು ಎರಡು ದಶಾಂಶ ಎರಡು ಎಕರೆ, ಅಂದರೆ 88 ಗುಂಟೆ. ರೈತನ ಹನ್ನೆರಡು ಗುಂಟೆ ಒಂದು ಚುಕ್ಕಿಯಲ್ಲಿ ಕರಗಿಹೋಯಿತು. ಒಂದು ಎಕರೆ ಮೂವತ್ತು ಗುಂಟೆಯ ಎರಡು ಹಿಸ್ಸೆಗಳನ್ನು ಕೂಡಿಸಿದರೆ ಮೂರು ಎಕರೆ ಇಪ್ಪತ್ತು ಗುಂಟೆ ಬರಬೇಕು. ನಿಮ್ಮ ಕೋಡು 1.30ಕ್ಕೆ 1.30 ಸೇರಿಸಿ 2.60 ಎನ್ನುತ್ತದೆ. ಎಕರೆಯ ಮೇಲೆ ಅರವತ್ತು ಗುಂಟೆ ಎಂಬ ಅಳತೆಯನ್ನು ಯಾವ ಶಾನುಭೋಗರೂ ಬರೆದಿರಲಾರರು. ಎಕರೆಗೆ ಇಷ್ಟು ಎಂದು ಬೆಳೆಸಾಲ ನಿಗದಿಯಾಗುವ ಲೆಕ್ಕದಲ್ಲಿ ಈ ತಪ್ಪು ನೇರವಾಗಿ ರೂಪಾಯಿಯಾಗಿ ಇಳಿಯುತ್ತದೆ.

ಆದ್ದರಿಂದ ಒಳಗಿನ ಲೆಕ್ಕವೆಲ್ಲ ಗುಂಟೆಯಲ್ಲೇ ನಡೆಯಲಿ, ವೇರಿಯಬಲ್‌ನ ಹೆಸರು ‘ಎಕ್ಸ್‌ಟೆಂಟ್_ಇನ್_ಗುಂಟಾಸ್’ ಎಂದಿರಲಿ. ಎಕರೆ-ಗುಂಟೆಯಾಗಿ ಒಡೆಯುವುದು ತೆರೆಯ ಮೇಲೆ ತೋರಿಸುವಾಗ ಮಾತ್ರ. ಆ ಹೆಸರಿನ ಎದುರು ಯಾರಾದರೂ 2.20 ಎಂದು ಬರೆದರೆ ಓದುವವನ ಕಣ್ಣಿಗೆ ತಕ್ಷಣ ಚುಚ್ಚುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ಕಳೆದುಹೋದದ್ದೂ ಇಂಥದ್ದೇ ಎಡವಟ್ಟಿನಿಂದ: ಭೂಮಿಯ ಮೇಲಿನ ಒಂದು ಪ್ರೋಗ್ರಾಮ್ ಪೌಂಡ್ ಬಲದ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಪ್ರೋಗ್ರಾಮ್ ನ್ಯೂಟನ್ ಲೆಕ್ಕವೆಂದು ತೆಗೆದುಕೊಂಡಿತು; ಎರಡಕ್ಕೂ ಇರುವ ಅಂತರ ಸುಮಾರು 4.45 ಪಟ್ಟು. ಹೆಸರಿನಲ್ಲಿ ಅಳತೆ ಬರೆದಿದ್ದರೆ ನೌಕೆ ಉಳಿಯುತ್ತಿತ್ತೆಂದು ನಾನು ಹೇಳುವುದಿಲ್ಲ, ಏಕೆಂದರೆ ಅಲ್ಲಿ ತಪಾಸಣೆಯ ಲೋಪಗಳೂ ಇದ್ದವು. ಬರಿಯ ಅಂಕಿ ತನ್ನ ಅಳತೆಯನ್ನು ತಾನೇ ಹೇಳಿಕೊಳ್ಳಲಾರದು ಎನ್ನುವಷ್ಟಕ್ಕೆ ಈ ಉದಾಹರಣೆ.

ಹಂಗೇರಿಯಲ್ಲಿ ಹುಟ್ಟಿ ಮೈಕ್ರೋಸಾಫ್ಟ್‌ನಲ್ಲಿ ದುಡಿದ ಚಾರ್ಲ್ಸ್ ಸಿಮೊನಿಯವರ ‘ಹಂಗೇರಿಯನ್ ನೊಟೇಶನ್’ ಹುಟ್ಟಿದ್ದೂ ಇಂಥದ್ದೇ ಉದ್ದೇಶದಿಂದ: ಸಾಲಿನ ಸಂಖ್ಯೆಯನ್ನೂ ಕಾಲಂ ಸಂಖ್ಯೆಯನ್ನೂ ಯಾರೂ ಅದಲುಬದಲು ಮಾಡದಂತೆ ಹೆಸರಿನ ಮುಂದೆ ಅದರ ಬಗೆಯ ಗುರುತು ಹಚ್ಚುವುದು. ಮುಂದೆ ಬಂದವರು ಇದು ಇಂಟಿಜರ್ (ಪೂರ್ಣಾಂಕ), ಇದು ಸ್ಟ್ರಿಂಗ್ (ಅಕ್ಷರಗಳ ಸಾಲು) ಎಂದು ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಗೊತ್ತಿದ್ದುದನ್ನೇ ಹೆಸರಿಗೂ ಅಂಟಿಸಲು ಹೋಗಿ ಆ ಪದ್ಧತಿಗೆ ಕೆಟ್ಟ ಹೆಸರು ತಂದರು.

ಇನ್ನೊಂದು ಮಾತು. ನಿಮ್ಮ ಪುಟದಲ್ಲಿ ಜಮೀನಿನ ಖಾತೆಯನ್ನೂ ಉಳಿತಾಯ ಖಾತೆಯನ್ನೂ ‘ಅಕೌಂಟ್’ ಎಂದೇ ಕರೆದಿದ್ದೀರಿ. ಖರಾಬನ್ನು ‘ವೇಸ್ಟ್‌ಲ್ಯಾಂಡ್’ ಮಾಡಿದ್ದೀರಿ. ಎ ಖರಾಬು ಸಾಗುವಳಿಗೆ ಬಾರದ ನೆಲವಾದರೆ, ಬಿ ಖರಾಬಿನಲ್ಲಿ ದಾರಿ, ಹಳ್ಳದಂಥ ಸಾರ್ವಜನಿಕ ಜಾಗಗಳು ಬರುತ್ತವೆ. ಅದನ್ನು ಪಾಳು ಎಂದು ಕರೆದರೆ ಅರ್ಥವೇ ಕೆಡುತ್ತದೆ. ಕಂದಾಯ ಇಲಾಖೆಯವರೂ ಸಂಘದ ಕಾರ್ಯದರ್ಶಿಯೂ ಬಾಯಲ್ಲಿ ಆಡುವ ಪದವನ್ನೇ ಕೋಡಿನಲ್ಲೂ ಇಡಿ. ಆಗ ಕಾಟ ಕೊಡುವುದು ಇಂಗ್ಲಿಷ್ ಲಿಪಿಯ ಕಾಗುಣಿತ: ತಾಲ್ಲೂಕನ್ನು ಒಬ್ಬರು ‘ತಾಲೂಕ್’, ಇನ್ನೊಬ್ಬರು ‘ತಾಲೂಕಾ’, ಹೋಬಳಿಯನ್ನು ಒಬ್ಬರು ‘ಹೋಬ್ಲಿ’, ಇನ್ನೊಬ್ಬರು ‘ಹೋಬಳಿ’ ಎಂದು ಬರೆಯುತ್ತಾರೆ, ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಇಂಥ ಮೂವತ್ತು ನಲವತ್ತು ಪದಗಳಿಗೆ ಒಂದೊಂದೇ ಕಾಗುಣಿತ ಗೊತ್ತುಮಾಡಿ, ಆ ಪಟ್ಟಿಯನ್ನು ಕೋಡಿನ ಜೊತೆಯಲ್ಲೇ ಒಂದು ಫೈಲಾಗಿ ಇರಿಸಿ. ಸಭೆ ಸೇರುವುದಿದ್ದರೆ ಇದಕ್ಕೆ ಸೇರಿ.

ಪ್ರಶ್ನೆ: ಕನ್ನಡ ಮಾಧ್ಯಮದ ಪ್ರೌಢಶಾಲೆಯ ಮಕ್ಕಳಿಗೆ ಪೈಥಾನ್ ಹೇಳಿಕೊಡುತ್ತಿದ್ದೇನೆ. ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದೇ?
— ಧಾರವಾಡ ಜಿಲ್ಲೆಯ ಶಿಕ್ಷಕಿ

ಉತ್ತರ: ಧಾರಾಳವಾಗಿ ಇಡಬಹುದು, ಮೇಡಂ. 2008ರಲ್ಲಿ ಬಂದ ಪೈಥಾನ್ 3ರಿಂದ ಇದಕ್ಕೆ ಅವಕಾಶವಿದೆ; ‘ಮಳೆ_ಮಿಮೀ = 42’ ಎಂದು ಬರೆದರೆ ತಕರಾರಿಲ್ಲದೆ ನಡೆಯುತ್ತದೆ. ‘ಇಫ್’, ‘ಫಾರ್’ ಮುಂತಾದ ಭಾಷೆಯ ಸ್ವಂತ ಪದಗಳು ಮಾತ್ರ ಇಂಗ್ಲಿಷ್‌ನಲ್ಲೇ ಇರುತ್ತವೆ. ಇದರಿಂದ ಒಂದು ಲಾಭವೂ ಇದೆ: ಯಾವುದು ಭಾಷೆ ಕೊಟ್ಟ ಪದ, ಯಾವುದು ತಾನಿಟ್ಟ ಹೆಸರು ಎಂಬ ಭೇದ ಮಗುವಿಗೆ ನೋಡಿದೊಡನೆ ತಿಳಿಯುತ್ತದೆ.

ಎಚ್ಚರ ವಹಿಸಬೇಕಾದದ್ದು ಒಂದೇ ಕಡೆ. ‘ಪೆನ್‌ಬೆಲೆ’ ಎಂದು ಬರೆಯುವಾಗ ನಕಾರಕ್ಕೆ ಬಕಾರ ಒತ್ತಾಗದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ನಾವು ಟೈಪಿಸುತ್ತೇವೆ. ಪೈಥಾನ್ ಅದನ್ನು ಹೆಸರಿನೊಳಗೆ ಒಪ್ಪದೆ ದೋಷವೆಂದು ನಿಲ್ಲಿಸುತ್ತದೆ, ಮಕ್ಕಳು ತೆರೆ ನೋಡಿ ‘ಎಲ್ಲ ಸರಿಯಾಗಿಯೇ ಇದೆಯಲ್ಲ ಟೀಚರ್’ ಎನ್ನುತ್ತಾರೆ. ‘ಪೆನ್_ಬೆಲೆ’ ಎಂದು ಬರೆಸಿ. ಅಂಡರ್‌ಸ್ಕೋರ್ ಪದಗಳನ್ನೂ ಬಿಡಿಸುತ್ತದೆ, ಒತ್ತನ್ನೂ ತಡೆಯುತ್ತದೆ. ಜಾವಾಸ್ಕ್ರಿಪ್ಟ್ ಆ ಕಾಣದ ಅಕ್ಷರವನ್ನು ಒಪ್ಪುತ್ತದೆ, ಆದರೆ ಅದು ಇರುವ ಹೆಸರು ಬೇರೆ, ಇಲ್ಲದ ಹೆಸರು ಬೇರೆ ಎಂದು ಎಣಿಸುತ್ತದೆ. ಪದದ ಕೊನೆಯಲ್ಲಿ ಅದು ಕುಳಿತಿದ್ದರೆ ತಪ್ಪು ಹುಡುಕುವುದರಲ್ಲಿ ಸಂಜೆಯಾಗುತ್ತದೆ. ಇನ್ನು ಗೋ ಭಾಷೆಯದು ವಿಚಿತ್ರ: ಅದರ ನಿಯಮದಲ್ಲಿ ಹೆಸರಿನೊಳಗೆ ಪೂರ್ಣಾಕ್ಷರಗಳಿಗೆ ಜಾಗವಿದೆ, ಸ್ವರಚಿಹ್ನೆಗಳಿಗೆ ಇಲ್ಲ. ಹೀಗಾಗಿ ‘ಮರ’ ನಡೆಯುತ್ತದೆ, ‘ಮನೆ’ ನಡೆಯುವುದಿಲ್ಲ. ದೊಡ್ಡಕ್ಷರ-ಸಣ್ಣಕ್ಷರದ ಭೇದವಿಲ್ಲದ ನಮ್ಮ ಲಿಪಿಯ ಆ ‘ಮರ’ವೂ ಪ್ಯಾಕೇಜು ಬಿಟ್ಟು ಹೊರಗೆ ಬರುವಂತಿಲ್ಲ.

ಪ್ರಶ್ನೆ: ಅರ್ಥಪೂರ್ಣ ಹೆಸರಿಡಿ ಎನ್ನುವ ಮೇಷ್ಟ್ರೇ ಲೂಪ್‌ನಲ್ಲಿ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡು) ‘ಐ’, ‘ಜೆ’ ಎಂದು ಬರೆಯುತ್ತಾರೆ. ಇದೇಕೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಗಣಿತದಿಂದ ಬಂದ ರೂಢಿ ಅದು. 1957ರ ಫೋರ್ಟ್ರಾನ್ ಭಾಷೆ ಅದನ್ನು ನಿಯಮವನ್ನಾಗಿಸಿ, ಐಯಿಂದ ಎನ್‌ವರೆಗಿನ ಅಕ್ಷರಗಳಲ್ಲಿ ಆರಂಭವಾಗುವ ಹೆಸರುಗಳನ್ನು ಪೂರ್ಣಾಂಕವೆಂದೇ ತಿಳಿಯುತ್ತಿತ್ತು. ಹೆಸರಿಗೆ ಆರಕ್ಕಿಂತ ಹೆಚ್ಚು ಅಕ್ಷರಗಳೂ ಇರುವಂತಿರಲಿಲ್ಲ. ಮೂರು ಸಾಲಿನ ಲೂಪ್‌ಗೆ ‘ಐ’ ಸಾಕು. ಲೂಪ್ ಒಂದು ಪುಟ ದಾಟಿದರೆ ನಿಮ್ಮ ಮೇಷ್ಟ್ರ ಮೊದಲ ಮಾತನ್ನೇ ಕೇಳಿ.

ಪ್ರಶ್ನೆ: ನಮ್ಮ ಹಳೆಯ ಡೇಟಾಬೇಸಿನಲ್ಲಿ ‘ಲಾಸ್ಟ್‌ನೇಮ್’ ಎಂಬ ಕಾಲಂ ಇದ್ದು, ಸಿಬ್ಬಂದಿ ಅದರಲ್ಲಿ ಸದಸ್ಯರ ತಂದೆಯ ಹೆಸರು ತುಂಬುತ್ತಾ ಬಂದಿದ್ದಾರೆ. ಈಗ ಹೆಸರು ಬದಲಿಸಬಹುದೇ?
— ಹಾಸನದ ಓದುಗರು

ಉತ್ತರ: ನಿಮ್ಮ ಸಿಬ್ಬಂದಿಯನ್ನು ದೂರಬೇಡಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನಲ್ಲಿ ಮೊದಲನೆಯದು ಊರು, ನಡುವಿನದು ತಂದೆ, ಕೊನೆಯದು ಸ್ವಂತ ಹೆಸರು. ಕುವೆಂಪು ಅವರನ್ನೇ ಸರಿಯಾಗಿ ಕೂರಿಸಲಾಗದ ಆ ಕಾಲಂ ನಮ್ಮ ಕಡೆಯ ಹೆಸರುಗಳನ್ನು ನೋಡಿ ಮಾಡಿದ್ದಲ್ಲ. ಹೆಸರನ್ನು ‘ಫಾದರ್_ನೇಮ್’ ಎಂದು ಖಂಡಿತ ಬದಲಿಸಿ, ಆದರೆ ಎರಡು ಹಂತದಲ್ಲಿ. ಪ್ರೋಗ್ರಾಮಿನ ಒಳಗಿನ ಹೆಸರುಗಳನ್ನು ಎಡಿಟರ್‌ನ ರೀನೇಮ್ ಸೌಲಭ್ಯದಿಂದ ಇವತ್ತೇ ಬದಲಿಸಬಹುದು. ಡೇಟಾಬೇಸಿನ ಕಾಲಂ ಹಾಗಲ್ಲ. ಅದನ್ನು ಬೇರೆ ಯಾರು ಯಾರು ಓದುತ್ತಿದ್ದಾರೋ. ವೆಬ್‌ನಲ್ಲಿ ಯಾವ ಪುಟದಿಂದ ಬಂದಿರಿ ಎಂದು ತಿಳಿಸುವ ‘ರೆಫರರ್’ ಹೆಡರ್‌ನ (ಬ್ರೌಸರ್ ಕೋರಿಕೆಯ ಜೊತೆ ಕಳಿಸುವ ಮಾಹಿತಿಯ ಸಾಲು) ಸ್ಪೆಲಿಂಗ್‌ನಲ್ಲಿ ಒಂದು ‘ಆರ್’ ಬಿಟ್ಟುಹೋಗಿ, ಆ ತಪ್ಪು ವೆಬ್‌ನ ಸಂವಹನ ನಿಯಮಗಳಾದ ಎಚ್‌ಟಿಟಿಪಿಯ 1996ರ 1.0 ದಾಖಲೆಯಲ್ಲೇ ಅಚ್ಚಾಯಿತು. ಅಷ್ಟರಲ್ಲಿ ಅದನ್ನು ನಂಬಿದ ಸರ್ವರ್‌ಗಳೂ ಬ್ರೌಸರ್‌ಗಳೂ ಹಬ್ಬಿಬಿಟ್ಟಿದ್ದರಿಂದ ಇಂದಿಗೂ ತಪ್ಪು ಸ್ಪೆಲಿಂಗೇ ಸರಿ. ಮುಂದೆ ಬಂದ ‘ರೆಫರರ್-ಪಾಲಿಸಿ’ ಎಂಬ ಹೆಡರ್‌ನಲ್ಲಿ ಮಾತ್ರ ಸ್ಪೆಲಿಂಗ್ ನೆಟ್ಟಗಿದೆ, ಎರಡೂ ಅಕ್ಕಪಕ್ಕದಲ್ಲೇ ಬದುಕುತ್ತಿವೆ.

ನೀವು ಹೊಸ ಕಾಲಂ ಸೇರಿಸಿ, ಹಳೆಯದರಲ್ಲಿದ್ದುದನ್ನು ಅದಕ್ಕೆ ನಕಲು ಮಾಡಿ, ಕೆಲವು ತಿಂಗಳು ಎರಡಕ್ಕೂ ಬರೆಯುತ್ತಾ ಹೋಗಿ; ಓದುವ ವರದಿಗಳನ್ನು ಒಂದೊಂದಾಗಿ ಹೊಸದಕ್ಕೆ ತಿರುಗಿಸಿ. ಹಳೆಯದನ್ನು ಅಳಿಸುವ ಮೊದಲು ಒಂದು ಮಾರ್ಚ್ ತಿಂಗಳಾದರೂ ದಾಟಲಿ, ಏಕೆಂದರೆ ಆಡಿಟ್‌ಗೆಂದು ವರ್ಷಕ್ಕೊಮ್ಮೆ ಮಾತ್ರ ತೆಗೆಯುವ ಯಾವುದೋ ಒಂದು ಪಟ್ಟಿ ಇನ್ನೂ ಆ ಹಳೆಯ ಹೆಸರನ್ನೇ ಹುಡುಕುತ್ತಿರಬಹುದು.