ಹಟ್ಟಿಯ ಹಳೆ ಪಕ್ಕಾಸು ಬೆಂಚಿಗಾದೀತೇ?

ಪ್ರಶ್ನೆ: ಹಳೆ ದನದ ಹಟ್ಟಿ ಕಳಚುತ್ತಿದ್ದೇವೆ. ಮಾಡು ಹೊರುವ ಹಲಸಿನ ಪಕ್ಕಾಸುಗಳಲ್ಲಿ ಸಣ್ಣ ತೂತುಗಳಿವೆ. ಮನೆಯೊಳಗಿನ ಬೆಂಚಿಗೆ ಬಳಸಬಹುದೇ?
– ಓದುಗರು, ಬದಿಯಡ್ಕ

ಉತ್ತರ: ತೂತಿಗೆ ಹೆದರಬೇಡಿ, ಹುಡಿಗೆ ಹೆದರಿ. ಮರವನ್ನು ತಟ್ಟಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಹೊಸ ಹುಡಿ ಬಿದ್ದರೆ ಹುಳ ಜೀವಂತ. ಅದು ತಿನ್ನುವುದು ಹೆಚ್ಚಾಗಿ ಅಂಚಿನ ಬಿಳಿ ಭಾಗವನ್ನು, ಕೆತ್ತಿಸಿ ಸುಟ್ಟುಬಿಡಿ. ಗೋಡೆಯೊಳಗಿದ್ದ ತುದಿಗೆ ಉಳಿ ಚುಚ್ಚಿ ನೋಡಿ, ಮೆತ್ತಗಿದ್ದಷ್ಟನ್ನೂ ಕತ್ತರಿಸಿ. ತಲೆ ಮುರಿದ ತುಕ್ಕುಮೊಳೆ ಕಣ್ಣಿಗೆ ಕಾಣದು, ಆಯಸ್ಕಾಂತ ಓಡಿಸಿ. ಇಲ್ಲವಾದರೆ ಮಿಲ್ಲಿನವರ ಬ್ಲೇಡೂ ಹೋಯಿತು, ಮರ್ಯಾದೆಯೂ ಹೋಯಿತು! ಹತ್ತರಿ ಹೊಡೆದ ಮೇಲೆ, ವಾರ್ನಿಷಿಗೆ ಮೊದಲು, ಹುಳದ ಕಾಟ ತಡೆಯಲು 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬೊರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಸಲ ಬಳಿಯಿರಿ. ಮಳೆ ಬಡಿಯುವ ಜಗಲಿಗೆ ಇದು ಬೇಡ, ತೊಳೆದುಹೋಗುತ್ತದೆ.